ಟೋಕನ್ನಿಗೆ ಬೆಲೆ ಬರುವುದು ಎಲ್ಲಿಂದ?



ವ್ಯವಹಾರದಲ್ಲಿ ಕೊಟ್ಟ ಮಾತಿಗೆ ತಪ್ಪದವನನ್ನು ಕನ್ನಡದಲ್ಲಿ ‘ನಾಣ್ಯಸ್ಥ’ ಎನ್ನುವುದುಂಟು. ನಾಣ್ಯಕ್ಕೂ ನಂಬಿಕೆಗೂ ಇರುವ ನಂಟನ್ನು ಈ ಒಂದು ಪದವೇ ಹೇಳುತ್ತದೆ. ನಂಬಿಕೆ ಕಳೆದುಕೊಂಡವರು ಹೊಸ ನಾಣ್ಯ ತಂದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ‘ಪೆಟ್ರೊ’ ಒಂದು ನಿದರ್ಶನ.

ಪೆಟ್ರೊ ಕೈಯಲ್ಲಿ ಹಿಡಿಯುವ ನಾಣ್ಯವಲ್ಲ; ಕಂಪ್ಯೂಟರಿನ ಲೆಕ್ಕದಲ್ಲಷ್ಟೇ ಇರುವ ಕ್ರಿಪ್ಟೊ ಟೋಕನ್. ಸಾಮಾನ್ಯವಾಗಿ ಇಂಥವನ್ನು ಖಾಸಗಿಯವರು ಹೊರಡಿಸುತ್ತಾರೆ. ಇದನ್ನು ಹೊರಡಿಸಿದ್ದು ಸ್ವತಃ ಸರ್ಕಾರ. ಅಧ್ಯಕ್ಷ ನಿಕೊಲಾಸ್ ಮದುರೊ 2017ರ ಡಿಸೆಂಬರಿನಲ್ಲಿ ಇದನ್ನು ಘೋಷಿಸಿದರು. 2018ರ ಫೆಬ್ರುವರಿ 20ರಂದು ಮುಂಗಡ ಮಾರಾಟ ಆರಂಭವಾಯಿತು. ಒಟ್ಟು 10 ಕೋಟಿ ಟೋಕನ್. ಒಂದೊಂದಕ್ಕೆ 60 ಡಾಲರ್, ಅಂದರೆ ಸುಮಾರಾಗಿ ಆಗಿನ ಒಂದು ಪೀಪಾಯಿ ಕಚ್ಚಾ ತೈಲದ ಬೆಲೆ. ಅತಾಪಿರಿರೆ ಎಂಬ ಊರಿನ ಸುತ್ತಲ ನೆಲದಡಿಯ ತೈಲವೇ ಇದಕ್ಕೆ ಆಧಾರವೆಂದು ಸರ್ಕಾರ ಸಾರಿತು. ಮೊದಲ ದಿನವೇ 73.5 ಕೋಟಿ ಡಾಲರ್ ಬಂತೆಂದು ಮದುರೊ ಹೇಳಿದರು. ಪುರಾವೆ ಮಾತ್ರ ಕೊಡಲಿಲ್ಲ.

ಜನ ಸಂಶಯಪಟ್ಟರು. ಕಾರಣಗಳಿದ್ದವು. ಪೆಟ್ರೊ ತಂದ ಸರ್ಕಾರದ ಕೈಯಲ್ಲೇ ದೇಶದ ಹಣವಾದ ಬೊಲಿವಾರ್ ಮಣ್ಣುಪಾಲಾಗಿತ್ತು. ಕೇಂದ್ರ ಬ್ಯಾಂಕು ಮುಂದೆ ಪ್ರಕಟಿಸಿದ ಲೆಕ್ಕದಂತೆ, 2018ರ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 1,300 ಪಟ್ಟಾದವು. ಆಧಾರವೆಂದ ತೈಲವಾದರೋ ಇನ್ನೂ ನೆಲದಡಿಯಲ್ಲೇ ಇತ್ತು. 2018ರಲ್ಲಿ ಅತಾಪಿರಿರೆಗೆ ಹೋದ ರಾಯಿಟರ್ಸ್ ವರದಿಗಾರರಿಗೆ ಅಲ್ಲಿ ತೈಲ ತೆಗೆಯುವ ಸನ್ನಾಹವೇ ಹೆಚ್ಚಾಗಿ ಕಾಣಲಿಲ್ಲ. ವಿರೋಧ ಪಕ್ಷಗಳ ಬಹುಮತವಿದ್ದ ರಾಷ್ಟ್ರೀಯ ಶಾಸನಸಭೆ ಪೆಟ್ರೊ ಕಾನೂನುಬಾಹಿರವೆಂದಿತು. ಇದು ತನ್ನ ನಿರ್ಬಂಧಗಳಿಂದ ನುಣುಚಿಕೊಳ್ಳುವ ಉಪಾಯವೆಂದು ಬಗೆದ ಅಮೆರಿಕ, ತನ್ನ ಪ್ರಜೆಗಳು ಅದನ್ನು ಕೊಳ್ಳದಂತೆ ಅದೇ ಮಾರ್ಚಿನಲ್ಲಿ ನಿಷೇಧಿಸಿತು.

ಇಂಥ ಪ್ರಸಂಗ ಭಾರತಕ್ಕೆ ಹೊಸದಲ್ಲ. ಸುಮಾರು 1330ರಲ್ಲಿ ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ತಾಮ್ರ, ಹಿತ್ತಾಳೆಯ ನಾಣ್ಯಗಳನ್ನು ಬೆಳ್ಳಿಯ ಟಂಕದ ಬೆಲೆಗೆ ಚಲಾವಣೆಗೆ ತಂದ. ಗಿರೀಶ ಕಾರ್ನಾಡರ ‘ತುಘಲಕ್’ ನಾಟಕದಿಂದ ಕನ್ನಡಿಗರಿಗೆ ಇದು ಚಿರಪರಿಚಿತ. ಸುಲ್ತಾನನಿಗೆ ವಿಧೇಯನಾದವನು ದೇವರಿಗೂ ವಿಧೇಯ ಎಂಬ ಅರ್ಥದ ಬರಹ ಆ ನಾಣ್ಯಗಳ ಮೇಲಿತ್ತು. ಬೆಳ್ಳಿ ಹೇಳಬೇಕಾದ ಮಾತನ್ನು ಆಜ್ಞೆ ಹೇಳಬೇಕಾಯಿತು. ಮನೆಮನೆಯೂ ಟಂಕಸಾಲೆಯಾಯಿತೆಂದು ಇತಿಹಾಸಕಾರ ಬರನಿ ಬರೆದಿದ್ದಾನೆ. ಕೊನೆಗೆ ಸುಲ್ತಾನ ಆ ನಾಣ್ಯಗಳನ್ನು ಹಿಂದಕ್ಕೆ ಪಡೆದು ಬೆಳ್ಳಿ, ಬಂಗಾರ ಕೊಟ್ಟ. ಬೊಕ್ಕಸ ಬರಿದಾದರೂ ತೆತ್ತ ಎಂಬುದನ್ನು ಮರೆಯಬಾರದು.

ವೆನೆಜುವೆಲಾದಲ್ಲಿ ಅದೂ ಆಗಲಿಲ್ಲ. 2019ರ ಡಿಸೆಂಬರಿನಲ್ಲಿ ಪಿಂಚಣಿದಾರರಿಗೂ ಸರ್ಕಾರಿ ನೌಕರರಿಗೂ ಹಬ್ಬದ ಬೋನಸ್ಸಾಗಿ ಅರ್ಧ ಪೆಟ್ರೊ ಹಂಚಲಾಯಿತು. ಆದರೆ ಸಂತೆ, ಅಂಗಡಿಗಳಲ್ಲಿ ಜನ ನೆಚ್ಚಿಕೊಂಡದ್ದು ಅಮೆರಿಕದ ಡಾಲರನ್ನು. 2023ರಲ್ಲಿ ಕ್ರಿಪ್ಟೊ ವ್ಯವಹಾರದ ಮೇಲ್ವಿಚಾರಕ ಅಧಿಕಾರಿಯೇ ಭ್ರಷ್ಟಾಚಾರದ ತನಿಖೆಯಲ್ಲಿ ಬಂಧಿತನಾದ. 2024ರ ಜನವರಿಯಲ್ಲಿ ಪೆಟ್ರೊ ಮುಚ್ಚಿತು. ಉಳಿದಿದ್ದ ಟೋಕನ್‌ಗಳನ್ನು ಬೊಲಿವಾರಿಗೆ ಪರಿವರ್ತಿಸಲಾಯಿತು. ಯಾವ ಹಣದಿಂದ ಪಾರಾಗಲು ಪೆಟ್ರೊ ಹುಟ್ಟಿತೋ, ಜನರ ಕೈಗೆ ಕೊನೆಗೆ ಬಂದದ್ದು ಅದೇ ಹಣ.

ಹೊಸದನ್ನು ಶಂಕಿಸುವವರನ್ನು ಹಿಂದುಳಿದವರೆಂದು ಜರೆಯುವುದು ಸುಲಭ. ಆದರೆ ತಂತ್ರ ಎಷ್ಟೇ ಹೊಸದಾಗಿರಲಿ, ಕೇಳಬೇಕಾದ ಪ್ರಶ್ನೆಗಳು ಹಳೆಯವೇ: ಹೊರಡಿಸಿದವರು ಯಾರು? ಆಧಾರವೆಂದು ತೋರಿಸುವ ವಸ್ತುವನ್ನು ಕಣ್ಣಾರೆ ಕಂಡವರುಂಟೆ? ಬೇಡವೆಂದು ಹಿಂದಿರುಗಿಸಿದರೆ ಏನು ಕೊಡುತ್ತಾರೆ? ‘ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ’ ಎಂಬ ಗಾದೆ ಹುಟ್ಟಿದ್ದು ಈ ಪ್ರಶ್ನೆಗಳನ್ನು ಕೇಳಲು ಮರೆತವರಿಂದಲೇ.