ಹೆಸರಿಲ್ಲದೆ ಮಲಗಿದವರು



1914ರ ಅಕ್ಟೋಬರ್ 31ರಂದು ಬೆಲ್ಜಿಯಂನ ಹೊಲೆಬೆಕೆ ಎಂಬಲ್ಲಿ ಜರ್ಮನ್ ಸೇನೆ ಮುನ್ನುಗ್ಗಿ ಬರುತ್ತಿತ್ತು. 129ನೇ ಬಲೂಚಿ ದಳದ ಎರಡು ಮೆಷಿನ್ ಗನ್‌ಗಳ ಪೈಕಿ ಒಂದನ್ನು ಶೆಲ್ ಧ್ವಂಸಗೊಳಿಸಿತು. ಬ್ರಿಟಿಷ್ ಅಧಿಕಾರಿ ಗಾಯಗೊಂಡರು. ಇನ್ನೊಂದು ಗನ್ನನ್ನು ನಿರ್ವಹಿಸುತ್ತಿದ್ದವರಲ್ಲಿ ಐವರು ಹತರಾದರು. ಆರನೆಯವ ಸಿಪಾಯಿ ಖುದಾದಾದ್ ಖಾನ್. ತಾನೂ ಗಾಯಗೊಂಡಿದ್ದರೂ ಆತ ಗುಂಡು ಹಾರಿಸುವುದನ್ನು ನಿಲ್ಲಿಸಲಿಲ್ಲ. ಸತ್ತನೆಂದು ಶತ್ರುಗಳು ಬಿಟ್ಟುಹೋದ ಬಳಿಕ ತೆವಳುತ್ತಾ ತನ್ನ ದಳವನ್ನು ಸೇರಿಕೊಂಡ. ಭಾರತೀಯ ಸೈನಿಕರಿಗೆ ವಿಕ್ಟೋರಿಯಾ ಕ್ರಾಸ್ ನೀಡಬಹುದೆಂದು ಬ್ರಿಟಿಷರು ಒಪ್ಪಿದ್ದೇ 1911ರಲ್ಲಿ. ಅದನ್ನು ಪಡೆದ ಮೊದಲ ಭಾರತೀಯ ಸೈನಿಕ ಇದೇ ಪಂಜಾಬಿನ ಬಡ ಮುಸ್ಲಿಮ್.

ಅವನ ಹೆಸರು ಇತಿಹಾಸದಲ್ಲಿ ಉಳಿಯಿತು. ಉಳಿದ ಐವರ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು?

ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸಮುದ್ರ ದಾಟಿದರು. 70 ಸಾವಿರಕ್ಕೂ ಅಧಿಕ ಮಂದಿ ಮರಳಲಿಲ್ಲ. ಸಿಪಾಯಿಯ ವೇತನ ತಿಂಗಳಿಗೆ 11 ರೂಪಾಯಿ. ಸಾಮ್ರಾಜ್ಯದ ಮೇಲಿನ ಭಕ್ತಿಯಿಂದ ಹೋದರೆಂದು ಬ್ರಿಟಿಷರು ಬರೆದುಕೊಂಡರು. ಆದರೆ ಅನೇಕರನ್ನು ಕಳುಹಿಸಿದ್ದು ಹಸಿವು, ಸಾಲ ಮತ್ತು ಊರ ದೊಡ್ಡವರ ಒತ್ತಡ. ಇದನ್ನು ಹೇಳುವುದರಿಂದ ಅವರ ಧೈರ್ಯಕ್ಕೆ ಕುಂದುಂಟಾಗದು.

ಮುಸ್ಲಿಮ್ ಸೈನಿಕನ ಪಾಲಿಗೆ ಇನ್ನೊಂದು ಸಂಕಟವಿತ್ತು. 1914ರ ನವೆಂಬರ್‌ನಲ್ಲಿ ತುರ್ಕಿ ಯುದ್ಧಕ್ಕಿಳಿಯಿತು. ಖಲೀಫರ ಹೆಸರಿನಲ್ಲಿ ಜಿಹಾದ್ ಘೋಷಣೆಯಾಯಿತು. ಜರ್ಮನರಂತೂ ಬರ್ಲಿನ್ ಸಮೀಪದ ವುನ್ಸ್‌ಡೋರ್ಫ್ ಸೆರೆ ಶಿಬಿರದಲ್ಲಿ ಮರದ ಮಸೀದಿಯನ್ನೇ ಕಟ್ಟಿ ಮುಸ್ಲಿಮ್ ಕೈದಿಗಳನ್ನು ಒಲಿಸಿಕೊಳ್ಳಲು ಯತ್ನಿಸಿದರು. (ಸಾಮ್ರಾಜ್ಯಗಳಿಗೆ ನಮ್ಮ ದೀನ್ ನೆನಪಾಗುವುದು ಯುದ್ಧಕಾಲದಲ್ಲಿ ಮಾತ್ರ!) 1915ರ ಫೆಬ್ರವರಿಯಲ್ಲಿ ಸಿಂಗಾಪುರದಲ್ಲಿ ಬಂಡೆದ್ದ 5ನೇ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳ ಪೈಕಿ 40ಕ್ಕೂ ಹೆಚ್ಚು ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರ ಬಂಡಾಯಕ್ಕೆ ಹಲವು ಕಾರಣಗಳಿದ್ದವು. ತಮ್ಮನ್ನು ತುರ್ಕರ ವಿರುದ್ಧ ಕಳುಹಿಸಲಾಗುವುದೆಂಬ ವದಂತಿಯೂ ಅವುಗಳಲ್ಲೊಂದು. ಆದರೆ ಬಹುಪಾಲು ಮುಸ್ಲಿಮ್ ಸೈನಿಕರು ಹೋರಾಡುತ್ತಲೇ ಹೋದರು. 1918ರ ಸೆಪ್ಟೆಂಬರ್ 23ರಂದು ತುರ್ಕರ ವಶದಲ್ಲಿದ್ದ ಹೈಫಾ ನಗರವನ್ನು ಜೋಧಪುರದ ಅಶ್ವದಳದೊಂದಿಗೆ ಸೇರಿ ಗೆದ್ದದ್ದು ನಮ್ಮ ಮೈಸೂರು ಲ್ಯಾನ್ಸರ್ಸ್. ಕಾರ್ಮೆಲ್ ಬೆಟ್ಟದ ಮೇಲಿನ ಫಿರಂಗಿಗಳ ಮೇಲೆ ದಾಳಿಯಿಟ್ಟ ಆ ದಳದಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು.

ಅವರನ್ನು ಏನೆಂದು ಕರೆಯೋಣ? ಶಹೀದರೆಂದೇ? ಆ ತೀರ್ಪು ಅಲ್ಲಾಹನದು, ವೇದಿಕೆಯ ಭಾಷಣಕಾರನದಲ್ಲ. ದ್ರೋಹಿಗಳೆಂದೇ? ಅದನ್ನಂತೂ ನಾನು ಒಪ್ಪಲಾರೆ. ಪರರ ಯುದ್ಧದಲ್ಲಿ ತಮ್ಮ ಮಾತನ್ನು ಉಳಿಸಿಕೊಂಡವರು ಅವರು. ಆದರೆ ಮಾತು ಕೊಟ್ಟ ಸರಕಾರ ತನ್ನ ಮಾತನ್ನು ಉಳಿಸಿಕೊಳ್ಳಲಿಲ್ಲ. 1919ರಲ್ಲಿ ಸಿಕ್ಕಿದ್ದು ರೌಲತ್ ಕಾಯ್ದೆ, ಜಲಿಯನ್‌ವಾಲಾಬಾಗ್.

ಇಂಗ್ಲೆಂಡಿನಲ್ಲಿ ಮಡಿದ ಗಾಯಾಳುಗಳ ಕತೆಯನ್ನೂ ಕೇಳಿ. ಮುಸ್ಲಿಮ್ ಸೈನಿಕರ ದಫನ ವಿಧಿವತ್ತಾಗಿ ನಡೆಯುತ್ತಿಲ್ಲವೆಂದು ಜರ್ಮನರು ಪ್ರಚಾರ ಮಾಡಿದಾಗ ಬ್ರಿಟಿಷರು ಎಚ್ಚೆತ್ತರು. ವೋಕಿಂಗ್‌ನ ಶಾಹಜಹಾನ್ ಮಸೀದಿಯ ಸಮೀಪ ಗುಮ್ಮಟದ ಕಮಾನುಳ್ಳ ಕಬರಸ್ಥಾನವೊಂದು ತಲೆಯೆತ್ತಿತು. ಅಲ್ಲಿ ಜನಾಝಾ ನಮಾಝ್ ನಿರ್ವಹಿಸಲು ಜನರಿದ್ದರು, ಕಬರಿಗೆ ಕಲ್ಲಿತ್ತು. ಕಾಲಾಂತರದಲ್ಲಿ ಕಿಡಿಗೇಡಿಗಳು ಅದನ್ನು ಹಾಳುಗೆಡವಿದ್ದರಿಂದ 1960ರ ದಶಕದ ಕೊನೆಯಲ್ಲಿ ದೇಹಾವಶೇಷಗಳನ್ನು ಬ್ರೂಕ್‌ವುಡ್‌ಗೆ ಸಾಗಿಸಲಾಯಿತು. ಹಳೆಯ ಜಾಗ 2015ರಲ್ಲಿ ಶಾಂತಿ ಉದ್ಯಾನವಾಗಿ ತೆರೆದುಕೊಂಡಿತು.

ಪ್ರಚಾರದ ಭಯವಿಲ್ಲದ ಕಡೆ ಏನಾಯಿತು? ಇರಾಕಿನ ಬಸ್ರಾ ಸ್ಮಾರಕವನ್ನು ನೋಡಿ. 1929ರಲ್ಲಿ ಅನಾವರಣಗೊಂಡಾಗ ಅದರ ಗೋಡೆಯಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳಿದ್ದವು, ಭಾರತೀಯ ಅಧಿಕಾರಿಗಳ ಹೆಸರುಗಳೂ ಇದ್ದವು. ಸಾವಿರಾರು ಸಾಮಾನ್ಯ ಸಿಪಾಯಿಗಳಿಗೆ ಮಾತ್ರ ಹೆಸರಿರಲಿಲ್ಲ. ಯಾವ ದಳದವರು ಎಷ್ಟು ಮಂದಿ ಎಂಬ ಲೆಕ್ಕವಷ್ಟೇ ಇತ್ತು. ರಾಮನೂ ರಹೀಮನೂ ಅಲ್ಲಿ ಬರಿಯ ಅಂಕಿ. 2021ರ ಏಪ್ರಿಲ್‌ನಲ್ಲಿ ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು ಈ ತಾರತಮ್ಯವನ್ನು ಒಪ್ಪಿಕೊಂಡಿತು. ಕನಿಷ್ಠ 1,16,000 ಮಂದಿಯನ್ನು, ಅವರಲ್ಲಿ ಬಹುತೇಕರು ಆಫ್ರಿಕಾ ಮತ್ತು ಮಧ್ಯಪ್ರಾಚ್ಯದಲ್ಲಿ ಮಡಿದವರು, ಹೆಸರಿಸಿಯೇ ಇಲ್ಲ ಅಥವಾ ಸ್ಮರಿಸಿಯೇ ಇಲ್ಲವೆಂದು ಅದರ ವರದಿ ಹೇಳಿತು. ಬ್ರಿಟನ್ನಿನ ರಕ್ಷಣಾ ಸಚಿವರು ಸಂಸತ್ತಿನಲ್ಲಿ ಕ್ಷಮೆ ಯಾಚಿಸಿದರು. ಒಂದು ಶತಮಾನ ತಡವಾಗಿ.

ಯಾರಾದರೂ ದೇಶಪ್ರೇಮದ ಪುರಾವೆ ಕೇಳಿದಾಕ್ಷಣ ಈ ಸೈನಿಕರ ಪಟ್ಟಿಯನ್ನು ಎತ್ತಿ ತೋರಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ದಯವಿಟ್ಟು ಅದನ್ನು ಬಿಡೋಣ. ಸತ್ತವರು ನಮ್ಮ ಜೇಬಿನಲ್ಲಿರುವ ಗುರುತುಚೀಟಿಗಳಲ್ಲ. ಪುರಾವೆ ಕೇಳುವವನಿಗೆ ಯಾವ ಪಟ್ಟಿಯೂ ಸಾಲದು.

ಬದಲಾಗಿ, ಮಕ್ಕಳನ್ನು ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಒಮ್ಮೆ ಕರೆದೊಯ್ಯಿರಿ. ಆಯೋಗದ ದಾಖಲೆಗಳನ್ನು ಈಗ ಕಂಪ್ಯೂಟರಿನಲ್ಲೇ ಹುಡುಕಬಹುದು. ಸಂಸ್ಥಾನದ ಸೇನೆಯಲ್ಲಿದ್ದ ಅಜ್ಜಂದಿರ ಪದಕವೋ ಪಿಂಚಣಿ ಕಾಗದವೋ ಹಳೆಯ ಪೆಟ್ಟಿಗೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಪದಕದ ಅಂಚಿನಲ್ಲಿ ಸೈನಿಕನ ಹೆಸರು ಮತ್ತು ಸಂಖ್ಯೆಯನ್ನು ಕೆತ್ತಿರುತ್ತಾರೆ. ಅದನ್ನು ಓದಿ ಒಂದು ಕಾಗದದಲ್ಲಿ ಬರೆದಿಡಿ.