ನಮ್ಮ ಭಾಗಕ್ಕೊಂದು ಜನಸಂಖ್ಯಾ ಅಧ್ಯಯನ ಕಚೇರಿ ಏಕೆ ಬೇಕು?

(ಮಂಠಾಳದಲ್ಲಿ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಜನಸಂಖ್ಯೆ ಎಂದ ಕೂಡಲೇ ಯಾರು ಹೆಚ್ಚು, ಯಾರು ಕಡಿಮೆ ಎಂಬ ವಾದ ಹುಟ್ಟುತ್ತದೆ. ನಾನು ಆ ವಾದಕ್ಕೆ ನಿಂತಿಲ್ಲ. ನಮ್ಮ ಊರುಗಳ ಜನಸಂಖ್ಯೆ ಹೇಗೆ ಬದಲಾಗುತ್ತಿದೆ, ಏಕೆ ಬದಲಾಗುತ್ತಿದೆ ಎಂದು ವರ್ಷವಿಡೀ ಅಧ್ಯಯನ ಮಾಡುವ ಒಂದು ಸರಕಾರಿ ಕಚೇರಿ ಕಲ್ಯಾಣ ಕರ್ನಾಟಕಕ್ಕೆ ಬೇಕು ಎಂಬುದೇ ನನ್ನ ಮಾತು.

ಮೊದಲು ಒಂದು ಲೆಕ್ಕ ನೋಡೋಣ. 2001ರಲ್ಲಿ ಬೀದರ ಜಿಲ್ಲೆಯ ಜನಸಂಖ್ಯೆ 15,02,373. 2011ರಲ್ಲಿ 17,03,300. ಅಂದರೆ ಹತ್ತು ವರ್ಷದಲ್ಲಿ ಶೇ. 13.4ರಷ್ಟು ಹೆಚ್ಚಳ. ಅದೇ ಅವಧಿಯಲ್ಲಿ ಇಡೀ ರಾಜ್ಯದ ಹೆಚ್ಚಳ ಶೇ. 15.6, ಬೆಂಗಳೂರು ನಗರ ಜಿಲ್ಲೆಯದು ಶೇ. 47. ನಮ್ಮಲ್ಲಿ ಏಕೆ ಕಡಿಮೆ? ಹುಟ್ಟುವ ಮಕ್ಕಳು ಕಡಿಮೆಯಾದರೇ? ದುಡಿಯುವವರು ಹೈದರಾಬಾದು, ಪುಣೆ, ಮುಂಬೈ ಸೇರಿದರೇ? ತಲೆ ಎಣಿಸಿದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದಿಲ್ಲ. 2011ರ ಎಣಿಕೆ ನಡೆದದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ದಿನಗಳಲ್ಲಿ ಕೂಲಿಗೆ ಹೊರಗೆ ಇದ್ದವರು ಅಲ್ಲಿಯೇ ಲೆಕ್ಕಕ್ಕೆ ಬಂದರು. ಮಳೆಗಾಲಕ್ಕೆ ಅವರು ಮರಳಿ ಬಂದಾಗ ರೇಷನ್, ಅಂಗನವಾಡಿ, ಶಾಲೆ ಎಲ್ಲವೂ ಬೇಕಾಗುವುದು ಇಲ್ಲಿ.

ಜನಸಂಖ್ಯೆಯ ಅಧ್ಯಯನ ಕರ್ನಾಟಕಕ್ಕೆ ಹೊಸದಲ್ಲ. 1951-52ರಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರಕಾರ ಸೇರಿ ಮೈಸೂರು ರಾಜ್ಯದಲ್ಲಿ ದೊಡ್ಡ ಸಮೀಕ್ಷೆ ನಡೆಸಿದವು. ಆಗ ಬೀದರ ಹೈದರಾಬಾದು ರಾಜ್ಯದಲ್ಲಿತ್ತು. 1973ರಲ್ಲಿ ವಿಶ್ವಬ್ಯಾಂಕಿನ ನೆರವಿನ ಭಾರತ ಜನಸಂಖ್ಯಾ ಯೋಜನೆ ಬಂದು, ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರ ಸ್ಥಾಪನೆಯಾಯಿತು. ಯೋಜನೆ ನಡೆದದ್ದು ಬೆಂಗಳೂರು ವಿಭಾಗದಲ್ಲಿ. ಕೇಂದ್ರ ಆರೋಗ್ಯ ಸಚಿವಾಲಯದ ನೆರವಿನ ಸಂಶೋಧನಾ ಕೇಂದ್ರಗಳು ಬೆಂಗಳೂರು ಮತ್ತು ಧಾರವಾಡದಲ್ಲಿವೆ. ನಮ್ಮ ಭಾಗಕ್ಕೂ ಅಂಥದೊಂದು ಕಲಬುರಗಿಯಲ್ಲಿ ಬರಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? 371(ಜೆ) ವಿಧಿಯ ಆಶಯವೇ ಹಿಂದುಳಿದ ಈ ಭಾಗವನ್ನು ಮುಂದೆ ತರುವುದು. ಯಾವ ಊರಿಗೆ ಏನು ಬೇಕೆಂದು ತಿಳಿಯದೆ ಹಣ ಹಂಚಿದರೆ ಪ್ರಯೋಜನ ಅರ್ಧವೇ.

ಇಂಥ ಅಧ್ಯಯನ ಸುಳ್ಳು ಮಾತಿಗೂ ಔಷಧ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಮುಸ್ಲಿಂ ಮಹಿಳೆಯರಲ್ಲಿ ಒಬ್ಬರಿಗೆ ಸರಾಸರಿ ಮಕ್ಕಳ ಸಂಖ್ಯೆ 1992-93ರಲ್ಲಿ 4.4 ಇದ್ದದ್ದು 2019-21ರಲ್ಲಿ 2.36ಕ್ಕೆ ಇಳಿಯಿತು. ಕರ್ನಾಟಕದಲ್ಲಿ ಎಲ್ಲ ಸಮುದಾಯ ಸೇರಿ 1.7. ಅಂದರೆ ಮುಂದೆ ಒಂದನೇ ತರಗತಿಗೆ ಬರುವ ಮಕ್ಕಳು ಕಡಿಮೆ, ಆಸರೆ ಬೇಕಾದ ವೃದ್ಧರು ಹೆಚ್ಚು. ಯಾವ ಊರಿನಲ್ಲಿ ಕನ್ನಡ ಶಾಲೆ, ಯಾವ ಊರಿನಲ್ಲಿ ಉರ್ದು ಶಾಲೆ ಉಳಿಸಬೇಕು, ಎಲ್ಲಿ ಹೈಸ್ಕೂಲು ಬೇಕು ಎಂದು ಈಗಲೇ ಯೋಚಿಸಬೇಕಲ್ಲವೇ?

ಆದರೆ ಕಚೇರಿ ಬಂದರೂ ಅದರ ಕೆಲಸ ಶುರುವಾಗುವುದು ನಮ್ಮ ಮನೆ ಬಾಗಿಲಲ್ಲಿ. ನಾವು ಕೊಡುವ ವಿವರ ತಪ್ಪಾದರೆ ಕಚೇರಿಯ ಲೆಕ್ಕವೂ ತಪ್ಪು. ಆದ್ದರಿಂದ ಮೂರು ವಿನಂತಿ.

ಒಂದು, ಮಗು ಹುಟ್ಟಿದ 21 ದಿನದೊಳಗೆ ನೋಂದಣಿ ಮಾಡಿಸಿರಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನ್ಮದಿನದ ಆಧಾರ ಜನನ ಪ್ರಮಾಣಪತ್ರವೇ. ಮನೆಯಲ್ಲಿ ಸಾವಾದರೆ ಅದನ್ನೂ ಬರೆಸಿರಿ.

ಎರಡು, 2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಗಿ, 2027ರ ಮಾರ್ಚ್ 1 ಅದರ ಆಧಾರ ದಿನವೆಂದು ಪ್ರಕಟವಾಗಿದೆ. ಹೆಣ್ಣುಮಗು, ಮುದುಕಿ, ಕೂಸು ಎಂದು ಯಾರನ್ನೂ ಬಿಡದೆ ಹೇಳಿರಿ. ಮನೆಯಲ್ಲಿ ಉರ್ದು ಆಡುವವರು ಮಾತೃಭಾಷೆ ಉರ್ದು ಎಂದು, ಕನ್ನಡ ಆಡುವವರು ಕನ್ನಡ ಎಂದು ಬರೆಸಿರಿ. ಬಲ್ಲ ಬೇರೆ ಭಾಷೆಗಳನ್ನೂ ಹೇಳಿರಿ.

ಮೂರು, ಹೆದರಬೇಡಿರಿ. 1948ರ ಜನಗಣತಿ ಕಾಯ್ದೆಯಂತೆ ನೀವು ಕೊಟ್ಟ ವಿವರ ಗುಪ್ತ. ಮನೆಯ ಹಿರಿಯರಿಗೆ ಇದನ್ನು ತಿಳಿಸಿ ಹೇಳುವ ಹೊಣೆ ಓದಿದ ಮಕ್ಕಳದು.

ಈ ಸಭೆಯಿಂದ ಸರಕಾರಕ್ಕೆ ಒಂದು ಮನವಿ ಹೋಗಲಿ. ಅದರ ಮೊದಲ ಸಹಿ ಹಿರಿಯರದು ಇರಲಿ, ಕೊನೆಯ ಸಹಿ ಹತ್ತನೇ ತರಗತಿಯ ವಿದ್ಯಾರ್ಥಿಯದು ಇರಲಿ.