ಗಿಡದ ಲೆಕ್ಕ ಸಾಲದು, ಮಣ್ಣಿನ ಲೆಕ್ಕ ಬೇಕು

(ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಕಥೆ ತಮಗೆ ಹೊಸದಲ್ಲ. ಅಕ್ರಮ ಗಣಿಗಾರಿಕೆ ಮಿತಿಮೀರಿದ್ದರಿಂದ ಸುಪ್ರೀಂ ಕೋರ್ಟು 2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿ ಕೆಲಸವನ್ನೂ, ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕೆಲಸವನ್ನೂ ನಿಲ್ಲಿಸಿತು. 2013ರ ಏಪ್ರಿಲ್ ತಿಂಗಳ ತೀರ್ಪಿನಲ್ಲಿ ಮತ್ತೆ ತೆರೆಯಲು ಒಪ್ಪಿದಾಗ, ಕೆಡಿಸಿದ ನೆಲವನ್ನು ಸರಿಪಡಿಸಬೇಕೆಂಬ ಷರತ್ತನ್ನು ಹಾಕಿತು. ಗಣಿ ಪ್ರದೇಶದ ಪುನಶ್ಚೇತನಕ್ಕೆಂದೇ 2014ರಲ್ಲಿ ರಾಜ್ಯದಲ್ಲಿ ಒಂದು ನಿಗಮವೂ ಹುಟ್ಟಿತು.

ಸರಿ. ಆದರೆ ನೆಲ ಸರಿಯಾಯಿತೆಂದು ಏನನ್ನು ನೋಡಿ ಹೇಳಬೇಕು? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಮೇಲೆ.

ಇಷ್ಟು ಸಾವಿರ ಗಿಡ ನೆಟ್ಟೆವೆಂದು ಹೇಳುವುದು ಸುಲಭ. ನೆಟ್ಟ ದಿನ ಎಲ್ಲ ಗಿಡವೂ ಹಸಿರೇ. ಮೂರನೆಯ ಬೇಸಿಗೆಗೆ ಅದು ಉಳಿಯುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಮಣ್ಣು.

ನೆಲದ ಜೀವವೆಲ್ಲ ಮೇಲಿನ ಒಂದಡಿಯೊಳಗೇ ಹೆಚ್ಚು. ಅಂಥ ಮಣ್ಣು ಒಂದಂಗುಲ ಆಗಲು ನೂರಾರು ವರ್ಷ ಹಿಡಿಯುತ್ತದೆ. ಗಣಿ ತೋಡುವಾಗ ಮೇಲಿನದು ಕೆಳಗಾಗಿ, ಒಳಗಿನ ಕಲ್ಲುಪುಡಿ ಮೇಲಾಗಿ ಡಂಪು ಬೀಳುತ್ತದೆ. ಆದುದರಿಂದಲೇ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಮತ್ತೆ ಹರಡಬೇಕೆಂದು ಕಾನೂನು ಹೇಳುತ್ತದೆ. ಎತ್ತರದ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗೆ ಗಾಳಿಯಾಡದೆ ಆ ಮಣ್ಣೂ ಸತ್ವ ಕಳೆದುಕೊಳ್ಳುತ್ತದೆ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲನೆಯದು ಕಲ್ಲು. ಪರೀಕ್ಷಾ ಕೇಂದ್ರದಲ್ಲಿ ಮಣ್ಣನ್ನು 2 ಮಿಲಿಮೀಟರ್ ಜರಡಿಯಲ್ಲಿ ಸೋಸಿ, ಕೆಳಗೆ ಬಿದ್ದುದನ್ನು ಮಾತ್ರ ಪರೀಕ್ಷಿಸುತ್ತಾರೆ. ಹೊಲದ ಮಣ್ಣಿಗೆ ಇದು ಸರಿ. ಆದರೆ ಡಂಪಿನ 100 ಕಿಲೋದಲ್ಲಿ 60 ಕಿಲೋ ಕಲ್ಲೇ ಇದ್ದರೆ, ಉಳಿದ 40 ಕಿಲೋದ ಗುಣವನ್ನು ಇಡೀ ಗುಡ್ಡದ ಗುಣವೆಂದು ತೋರಿಸಿದಂತಾಗುತ್ತದೆ. ಕಲ್ಲು ಆರಿಸಿದ ಅಕ್ಕಿಯ ಮಾದರಿ ತೋರಿಸಿ, ಕಲ್ಲು ಸೇರಿದ ಮೂಟೆ ಮಾರಿದರೆ ಅಂಗಡಿಯವರು ಒಪ್ಪುತ್ತೀರಾ? ಜರಡಿಯ ಮೇಲೆ ಉಳಿದುದೆಷ್ಟು ಎಂದು ಮೊದಲು ಕೇಳಿರಿ.

ಎರಡನೆಯದು ಗಡಸು. ಕೆದಕದೆ, ನೆಲದಲ್ಲಿದ್ದಂತೆಯೇ ಕೊರೆದು ತೆಗೆದ ಒಂದು ಲೀಟರ್ ಹೊಲದ ಮಣ್ಣು ಒಣಗಿದ ಮೇಲೆ ಸುಮಾರು 1.3 ಕಿಲೋ ತೂಗುತ್ತದೆ. ಲಾರಿ, ಡೋಜರು ತುಳಿದ ನೆಲದಲ್ಲಿ ಅದು 1.7, 1.8ಕ್ಕೂ ಏರಬಹುದು. ಅಲ್ಲಿ ಬೇರು ಇಳಿಯಲಾರದು. ಮೊದಲು ನೆಲವನ್ನು ಆಳವಾಗಿ ಸೀಳಬೇಕು.

ಮೂರನೆಯದು ನೀರು. ಒಂದಡಿ ಗುಂಡಿ ತೋಡಿ ನೀರು ತುಂಬಿರಿ. ಕ್ಷಣದಲ್ಲಿ ಇಂಗಿದರೆ ತೇವ ನಿಲ್ಲದು. ದಿನವಿಡೀ ನಿಂತರೆ ಮಳೆಯ ನೀರು ಇಳಿಜಾರಿನಲ್ಲಿ ಮಣ್ಣನ್ನೂ ಎಳೆದುಕೊಂಡು ಹರಿದು ಕೆರೆ ತುಂಬುತ್ತದೆ.

ನಾಲ್ಕನೆಯದು ಸತ್ವ. ರಸಸಾರ 6.5ರಿಂದ 7.5ರೊಳಗಿದ್ದರೆ ಬಹುಪಾಲು ಬೆಳೆಗೆ ಒಗ್ಗುತ್ತದೆ. ಸಾವಯವ ಇಂಗಾಲ ನೂರಕ್ಕೆ 0.5ಕ್ಕಿಂತ ಕಡಿಮೆಯಿದ್ದರೆ ಮಣ್ಣು ಬಡವಾಗಿದೆಯೆಂದು ಅರ್ಥ. ಹೊಸ ಡಂಪಿನಲ್ಲಿ ಈ ಬಡತನವೇ ಸಾಮಾನ್ಯ. ಗೊಬ್ಬರ, ಹಸಿರೆಲೆ, ಸಾರಜನಕ ಕೂಡಿಸುವ ಹುರುಳಿ, ಸೆಣಬಿನಂಥ ಬೆಳೆ ಮೊದಲು, ಮರ ಆಮೇಲೆ.

ಎಲ್ಲ ಗಣಿಗೂ ಒಂದೇ ಮದ್ದಿಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿ ಉಳಿದಿರುವುದು ಅದಿರನ್ನು ಅರೆದು ಸೈನೈಡಿನಿಂದ ಚಿನ್ನ ತೆಗೆದ ಮೇಲಿನ ಹಿಟ್ಟಿನಂಥ ಪುಡಿಯ ದಿಬ್ಬಗಳು. ಸಂಡೂರಿನ ಡಂಪಿನಲ್ಲಿ ಕಲ್ಲು ಹೆಚ್ಚೆಂಬ ಚಿಂತೆಯಾದರೆ ಇಲ್ಲಿ ಪುಡಿ ಗಾಳಿಗೆ ಏಳುತ್ತದೆಂಬ ಚಿಂತೆ. ಇಲ್ಲಿ ಹುಳಿ, ಉಪ್ಪು, ವಿಷಲೋಹಗಳ ಪರೀಕ್ಷೆ ಮೊದಲಾಗಬೇಕು. ವಿಷವಿರುವ ಕಡೆ ಮೇವು ಬೆಳೆಸಿದರೆ ಅದು ದನದ ಹೊಟ್ಟೆಗೆ, ಅಲ್ಲಿಂದ ಮಕ್ಕಳ ಹಾಲಿಗೆ ಬರಬಹುದು.

ಗಿರಣಿಯವರಿಗೂ ಅಂಗಡಿಯವರಿಗೂ ಇದರಿಂದೇನು ಎನ್ನಬೇಡಿರಿ. ಅದಿರು ಒಮ್ಮೆ ಹೋದರೆ ಹೋಯಿತು. ಆಮೇಲೆ ಸಂತೆಗೆ ಜೋಳ ತರುವವನೂ, ಅಂಗಡಿಯಲ್ಲಿ ಬಟ್ಟೆ ಕೊಳ್ಳುವವನೂ ಆ ನೆಲವನ್ನೇ ನಂಬಿದ ರೈತ, ಕೂಲಿಕಾರ. ಅವನ ನೆಲ ಸತ್ತರೆ ನಮ್ಮ ಪೇಟೆಯೂ ಬಾಳದು.

ಆದ್ದರಿಂದ ಗ್ರಾಮಸಭೆಯಲ್ಲಿ ನಾವು ಮೂರು ಮಾತು ಕೇಳೋಣ. ಡಂಪಿನ ನೆತ್ತಿ, ಇಳಿಜಾರು, ಬುಡ ಈ ಮೂರೂ ಕಡೆಯ ಮಣ್ಣನ್ನು ಊರವರ ಎದುರಿಗೆ ಬೇರೆ ಬೇರೆಯಾಗಿ ತೆಗೆಯಲಿ. ಫಲಿತಾಂಶವನ್ನು ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಅದೇ ಜಾಗದಲ್ಲಿ ಪ್ರತಿ ವರ್ಷ ಮತ್ತೆ ಪರೀಕ್ಷೆ ನಡೆಯಲಿ. ಅಂಕಿ ಸುಧಾರಿಸಿದರೆ ಕೆಲಸ ನಡೆದಿದೆ. ಸುಧಾರಿಸದಿದ್ದರೆ, ಎಷ್ಟೇ ಗಿಡದ ಲೆಕ್ಕ ಕೊಟ್ಟರೂ, ಕೆಲಸ ಮುಗಿಯಿತೆಂದು ನಾವು ಒಪ್ಪಬೇಕಾಗಿಲ್ಲ.